ಯಂತ್ರ ಮನೆಗೆ ಬರುವ ಮುನ್ನ

ಪುಣೆಯಲ್ಲಿ ‘ಸಾಡೇತೀನ್ ಮುಹೂರ್ತ’ಗಳಿಗೆ ಇರುವ ಮಾನ್ಯತೆ ಇಲ್ಲಿ ನೆಲಸಿದ ಕನ್ನಡಿಗರಿಗೆ ಹೊಸದಲ್ಲ. ಗುಡಿಪಾಡವಾ, ಅಕ್ಷಯ ತೃತೀಯಾ, ವಿಜಯದಶಮಿ, ದೀಪಾವಳಿಯ ಬಲಿಪಾಡ್ಯ, ಈ ನಾಲ್ಕು ದಿನಗಳಂದು ಒಳ್ಳೆಯ ಗಳಿಗೆಯನ್ನು ಹುಡುಕಬೇಕಾಗಿಲ್ಲವೆಂದು ಜನರ ನಂಬಿಕೆ. ಚಿನ್ನ ಕೊಳ್ಳುವುದಕ್ಕೂ ಹೊಸ ಮನೆಗೆ ಮುಂಗಡ ಕೊಡುವುದಕ್ಕೂ ಮೀಸಲಾಗಿದ್ದ ಈ ದಿನಗಳು ಈಗ ಫ್ರಿಜ್, ವಾಷಿಂಗ್ ಮಷೀನ್, ಹವಾನಿಯಂತ್ರಕಗಳ ಮಾರಾಟದ ದಿನಗಳೂ ಆಗಿವೆ. ಆ ಮುಂಜಾನೆ ಪತ್ರಿಕೆಯನ್ನು ಬಿಡಿಸಿದರೆ ಮೊದಲ ಸುದ್ದಿಯನ್ನು ಓದಲು ನಾಲ್ಕು ಪುಟಗಳ ಜಾಹೀರಾತನ್ನು ದಾಟಬೇಕು. ಹಬ್ಬದೂಟ ಮುಗಿಸಿ ಸಂಸಾರ ಸಮೇತ ಅಂಗಡಿಗೆ ಹೋದ ಗೃಹಸ್ಥರು ಒಂದೂವರೆ ತಾಸಿನಲ್ಲಿ ಮೂವತ್ತೋ ನಲವತ್ತೋ ಸಾವಿರ ರೂಪಾಯಿಗಳ ನಿರ್ಧಾರವೊಂದನ್ನು ಮಾಡಿ ಬರುತ್ತಾರೆ. ಕಾಯಿಪಲ್ಲೆಯ ಮುಂದೆ ಬದನೆಯನ್ನು ತಿರುತಿರುಗಿಸಿ ನೋಡುವ ಕೈಗಳೇ ಇಲ್ಲಿ ಮಾರಾಟಗಾರನ ಮಾತಿಗೆ ತಲೆದೂಗಿ ಸಹಿ ಹಾಕುತ್ತವೆ. ಮುಹೂರ್ತವನ್ನು ನೋಡಿದಷ್ಟು ಶ್ರದ್ಧೆಯಿಂದ ತಮ್ಮ ಮನೆಯ ನಲ್ಲಿಯನ್ನಾಗಲಿ, ಗೋಡೆಯೊಳಗಿನ ವಿದ್ಯುತ್ ತಂತಿಯನ್ನಾಗಲಿ ನೋಡಿ ಹೊರಟವರು ವಿರಳ.

ಹಿಂದಿನ ತಲೆಮಾರಿಗೆ ಈ ಪ್ರಶ್ನೆಯೇ ಇರಲಿಲ್ಲವೆನ್ನಬೇಕು. 1958ರಲ್ಲಿ ಗೋದ್ರೇಜ್ ಸಂಸ್ಥೆ ಭಾರತದಲ್ಲಿಯೇ ತಯಾರಾದ ಫ್ರಿಜ್ಜನ್ನು ಹೊರತಂದ ಮೇಲೂ ಅದು ಬಹುಕಾಲ ವೈದ್ಯರ ಹಾಗೂ ದೊಡ್ಡ ಅಧಿಕಾರಿಗಳ ಮನೆಯ ವಸ್ತುವಾಗಿಯೇ ಉಳಿಯಿತು. ಪುಣೆಯ ಮಗ್ಗುಲಲ್ಲೇ ಇರುವ ಆಕುರ್ಡಿಯಲ್ಲಿ ತಯಾರಾಗುತ್ತಿದ್ದ ಬಜಾಜ್ ಸ್ಕೂಟರಿಗೆ ಪುಣೆಯವರೇ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಅಂದಿನ ಗ್ರಾಹಕ ಕೇಳುತ್ತಿದ್ದ ಪ್ರಶ್ನೆ ‘ಯಾವುದು’ ಎಂದಲ್ಲ, ‘ಯಾವಾಗ’ ಎಂದು. 1991ರ ನಂತರ ಬಾಗಿಲುಗಳು ತೆರೆದುಕೊಂಡವು. ಇಂದು ನಗರ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರು ಹೋದರೆ ಸಿಗುವ ರಾಂಜಣಗಾವಿನಲ್ಲಿ ಎಲ್.ಜಿ., ವರ್ಲ್‌ಪೂಲ್, ಹೈಯರ್ ಕಂಪನಿಗಳ ಕಾರಖಾನೆಗಳಿವೆ. ಸಾತಾರಾ ದಾರಿಯ ಶಿರವಳದಲ್ಲಿ ಗೋದ್ರೇಜ್ ಇದೆ. ಅಲ್ಲಿ ದುಡಿಯುವ ಕೈಗಳಲ್ಲಿ ವಿಜಯಪುರ, ಕಲಬುರ್ಗಿ, ಬೀದರ ಜಿಲ್ಲೆಗಳಿಂದ ಬಂದವರದ್ದೂ ಪಾಲಿದೆ. ವಸ್ತುಗಳ ಅಭಾವ ಹೋಯಿತು. ಆದರೆ ಅಭಾವದ ಕಾಲದ ಗ್ರಾಹಕನ ಮನಸ್ಸು ಅಷ್ಟು ಬೇಗ ಹೋಗಲಿಲ್ಲ. ‘ಇವತ್ತೇ ಕೊನೆಯ ದಿನ’, ‘ಎರಡೇ ನಗ ಉಳಿದಿವೆ’ ಎಂಬ ಮಾತಿಗೆ ಇಂದಿಗೂ ಗುಂಡಿಗೆ ಡವಗುಟ್ಟುತ್ತದೆ. ಈ ದಸರೆಗೆ ತಪ್ಪಿದ ರಿಯಾಯಿತಿ ದೀಪಾವಳಿಗೆ ಬಂದೇ ಬರುತ್ತದೆಂಬುದು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಓಡುತ್ತಾರೆ.

ಯಂತ್ರವನ್ನು ಎಲ್ಲಿ ಕೊಳ್ಳಬೇಕೆಂಬ ವಿಚಾರ ಅಂಗಡಿಯಿಂದ ಆರಂಭವಾಗಬಾರದು, ಮನೆಯಿಂದ ಆರಂಭವಾಗಬೇಕು. ಇದು ಹೇಳಲು ಸುಲಭ. ಆದರೆ ಇದರ ಅರ್ಥವನ್ನು ಪುಣೆಯ ಸಂದರ್ಭದಲ್ಲಿಟ್ಟು ನೋಡಿದಾಗಲೇ ತಿಳಿಯುತ್ತದೆ.

ಮೊದಲನೆಯದು ನೀರು. ಪಾನಶೇತ, ವರಸಗಾವ, ಟೇಮಘರ, ಖಡಕವಾಸಲಾ ಈ ನಾಲ್ಕು ಅಣೆಕಟ್ಟುಗಳ ನೀರನ್ನು ಕುಡಿಯುವ ಹಳೆಯ ಪುಣೆಯ ನಿವಾಸಿಗಳು ಒಂದರ್ಥದಲ್ಲಿ ಭಾಗ್ಯವಂತರು. ಮಳೆಗಾಲದ ಕೆಂಪು ನೀರನ್ನು ಬಿಟ್ಟರೆ ಯಂತ್ರಗಳಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ. ಆದರೆ ಕಳೆದ ಎರಡು ದಶಕಗಳಲ್ಲಿ ಕನ್ನಡಿಗರೂ ಸೇರಿದಂತೆ ಹೊಸಬರೆಲ್ಲ ಮನೆ ಮಾಡಿದ್ದು ಊರಿನ ಅಂಚಿನಲ್ಲಿ. ವಾಘೋಲಿ, ಉಂಡ್ರಿಗಳಂಥ ಕಡೆ ಎಷ್ಟೋ ಸಂಕೀರ್ಣಗಳು ಕೊಳವೆಬಾವಿಯ ಹಾಗೂ ಟ್ಯಾಂಕರಿನ ನೀರನ್ನೇ ನೆಚ್ಚಿಕೊಂಡಿವೆ. ಈ ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣದಂಶ ಬೇರ್ಪಟ್ಟು ಕಾಯುವ ಸುರುಳಿಯ ಮೇಲೆ ಬಿಳಿಯ ಹೊದಿಕೆಯಾಗಿ ಕೂಡುತ್ತದೆ. ಹೊದಿಕೆ ದಪ್ಪವಾದಂತೆ ಶಾಖ ನೀರಿಗೆ ತಲಪದೆ ಸುರುಳಿ ತಾನೇ ಸುಡುತ್ತದೆ. ಗೀಜರು ಎರಡೇ ವರ್ಷಕ್ಕೆ ಕೆಟ್ಟಿತೆಂದು ಕಂಪನಿಯನ್ನು ಶಪಿಸುವವರು ಬಾತ್‌ರೂಮಿನ ನಲ್ಲಿಯ ತುದಿಯಲ್ಲಿ ಕಟ್ಟಿದ ಬಿಳಿಯ ಕಿಟ್ಟವನ್ನು ಒಮ್ಮೆ ಉಗುರಿನಿಂದ ಕೆರೆದು ನೋಡಿದ್ದರೆ ಕಾರಣ ಅಲ್ಲಿಯೇ ಸಿಗುತ್ತಿತ್ತು. ನೀರನ್ನು ತಾನೇ ಕಾಯಿಸಿಕೊಳ್ಳುವ ವಾಷಿಂಗ್ ಮಷೀನಿನ ಗತಿಯೂ ಇದೇ. ಇನ್ನು ಮುಂಬಾಗಿಲಿನ ಯಂತ್ರಕ್ಕೆ ನಲ್ಲಿಯಲ್ಲಿ ತಕ್ಕಷ್ಟು ಒತ್ತಡವೂ ಬೇಕು. ಮೇಲಿನ ಟಾಕಿಗೂ ತಮ್ಮ ನಲ್ಲಿಗೂ ಅಂತರ ಕಡಿಮೆಯಿರುವ ಕೊನೆಯ ಮಹಡಿಯವರು ಇದನ್ನು ವಿಚಾರಿಸದೆ ಯಂತ್ರವನ್ನು ತಂದರೆ, ನೀರು ಬರಲಿಲ್ಲವೆಂದು ಅದು ಅರ್ಧಕ್ಕೆ ನಿಂತು ಕೂಗುತ್ತಿರುತ್ತದೆ. ಟ್ಯಾಂಕರಿನ ಮನೆಗೆ, ಬೇಕಾದರೆ ಬಕೆಟ್ಟಿನಿಂದ ನೀರು ಹೊಯ್ದು ನಡೆಸಬಹುದಾದ ಸಾದಾ ಯಂತ್ರವೇ ಅನೇಕ ಸಲ ಹೆಚ್ಚು ಹೊಂದುತ್ತದೆ. ಅಂಗಡಿಯಲ್ಲಿ ಅದನ್ನು ಒಂದು ಮೂಲೆಗೆ ಸರಿಸಿಟ್ಟಿರುತ್ತಾರೆ. ಅದರಲ್ಲಿ ಅಂಗಡಿಯವನಿಗೆ ಸಿಗುವುದು ಕಡಿಮೆ.

ಎರಡನೆಯದು ವಿದ್ಯುತ್ತು. 2,000 ವಾಟಿನ ಗೀಜರು ಸುಮಾರು 9 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ದೀಪ, ಫ್ಯಾನುಗಳಿಗಾಗಿ ಎಳೆದ ತೆಳ್ಳನೆಯ ತಂತಿಗೂ ಚಿಕ್ಕ ಪ್ಲಗ್ಗಿಗೂ ಇದು ಭಾರ. ದೊಡ್ಡ ಯಂತ್ರಗಳಿಗೆ 16 ಆಂಪಿಯರಿನ ಪ್ರತ್ಯೇಕ ಪ್ಲಗ್ಗೂ ಸರಿಯಾದ ಅರ್ಥಿಂಗೂ ಇರಲೇಬೇಕು. ಸದಾಶಿವ ಪೇಠ, ನಾರಾಯಣ ಪೇಠಗಳ ಹಳೆಯ ವಾಡೆಗಳಲ್ಲಿ ಬಾಡಿಗೆಗಿದ್ದವರಿಗೆ ಈ ಕಷ್ಟದ ಜೊತೆಗೆ ಇನ್ನೊಂದೂ ಇತ್ತು. ಕತ್ತಲೆಯ ಕಟ್ಟಿಗೆಯ ಮೆಟ್ಟಿಲು ತಿರುಗುವಲ್ಲಿ ಫ್ರಿಜ್ಜು ಸಿಕ್ಕಿಬಿದ್ದು, ಮೇಲಿನವರು ಕೆಳಗಿಳಿಯಲಾರದೆ, ಕೆಳಗಿನವರು ಮೇಲೇರಲಾರದೆ ವಾಡೆಯೆಲ್ಲ ಸೇರಿ ಸಲಹೆ ಕೊಡುತ್ತಿದ್ದ ದೃಶ್ಯವನ್ನು ನೋಡಿದವರು ಇನ್ನೂ ಇದ್ದಾರೆ. ಬಾಗಿಲು, ಮೆಟ್ಟಿಲು, ಲಿಫ್ಟುಗಳ ಅಗಲವನ್ನು ಒಂದು ಟೇಪಿನಿಂದ ಅಳೆಯುವುದಕ್ಕೆ ಐದು ನಿಮಿಷ ಸಾಕು.

ವಿದ್ಯುತ್ತಿನ ಮಾತು ಬಂದಾಗ ನಕ್ಷತ್ರಗಳ ವಿಚಾರವನ್ನು ಬಿಡಲಾಗದು. ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಆರಂಭಿಸಿದ ನಕ್ಷತ್ರದ ಚೀಟಿ ಗ್ರಾಹಕರಿಗೆ ಸಿಕ್ಕ ದೊಡ್ಡ ಉಪಕಾರ. ಮಂಜುಗಟ್ಟದ ಫ್ರಿಜ್ಜು ಹಾಗೂ ಹವಾನಿಯಂತ್ರಕಗಳ ಮೇಲೆ 2010ರಿಂದ ಅದು ಕಡ್ಡಾಯವಾಯಿತು. ಆದರೆ ಜನ ನಕ್ಷತ್ರಗಳನ್ನು ಎಣಿಸುತ್ತಾರೆಯೇ ಹೊರತು ಅದರ ಕೆಳಗೆ ಬರೆದ ಯೂನಿಟ್ಟುಗಳ ಸಂಖ್ಯೆಯನ್ನು ಓದುವುದಿಲ್ಲ. ಐದು ನಕ್ಷತ್ರದ ದೊಡ್ಡ ಫ್ರಿಜ್ಜು ಮೂರು ನಕ್ಷತ್ರದ ಚಿಕ್ಕ ಫ್ರಿಜ್ಜಿಗಿಂತ ಹೆಚ್ಚು ಕರೆಂಟು ತಿನ್ನಬಹುದು. ಅದೂ ಅಲ್ಲದೆ ಈ ಅಳತೆಗೋಲು ಕಾಲಕಾಲಕ್ಕೆ ಬಿಗಿಯಾಗುತ್ತದೆ. ಹವಾನಿಯಂತ್ರಕಗಳಿಗೆ 2018ರಲ್ಲಿ ಬದಲಾದದ್ದು 2022ರ ಜುಲೈಯಲ್ಲಿ ಮತ್ತೆ ಬದಲಾಯಿತು. ನಿನ್ನೆಯ ಐದು ಇಂದಿನ ನಾಲ್ಕಾಗುತ್ತದೆ. ಚೀಟಿಯ ಮೇಲೆ ಅದರ ಅವಧಿಯನ್ನು ಅಚ್ಚು ಮಾಡಿರುತ್ತಾರೆ. ಹಬ್ಬದ ಭಾರೀ ರಿಯಾಯಿತಿಯ ಒಳಗುಟ್ಟು ಕೆಲವೊಮ್ಮೆ ಆ ಚಿಕ್ಕ ಅಕ್ಷರಗಳಲ್ಲಿಯೇ ಅಡಗಿರುತ್ತದೆ.

ಇಲ್ಲಿ ಪುಣೆಯವರು ವಿಶೇಷವಾಗಿ ಗಮನಿಸಬೇಕಾದ ಲೆಕ್ಕವೊಂದಿದೆ. ಹವಾನಿಯಂತ್ರಕದ ಚೀಟಿಯಲ್ಲಿ ಬರೆದ ವಾರ್ಷಿಕ ಖರ್ಚು, ಯಂತ್ರವು ವರ್ಷಕ್ಕೆ 1,600 ತಾಸು ನಡೆಯುತ್ತದೆಂಬ ಆಧಾರದ ಮೇಲೆ ನಿಂತಿದೆ. ಚೆನ್ನೈಯಲ್ಲಿ ಅಷ್ಟು ನಡೆಯಬಹುದು. ಪುಣೆಯ ಮಧ್ಯಮ ವರ್ಗದ ಮನೆಯಲ್ಲಿ ಏಪ್ರಿಲ್, ಮೇ ತಿಂಗಳ 60 ರಾತ್ರಿ, ದಿನಕ್ಕೆ 8 ತಾಸಿನಂತೆ ನಡೆಸಿದರೂ ಆಗುವುದು 480 ತಾಸು. ಮೂರು ನಕ್ಷತ್ರಕ್ಕೂ ಐದು ನಕ್ಷತ್ರಕ್ಕೂ ನಡುವೆ ಚೀಟಿಯ ಪ್ರಕಾರ 250 ಯೂನಿಟ್ಟುಗಳ ಅಂತರವಿದೆಯೆಂದು ಹಿಡಿದರೆ, ಪುಣೆಯ ಮನೆಗೆ ನಿಜವಾಗಿ ಉಳಿಯುವುದು 75 ಯೂನಿಟ್ಟು. ಯೂನಿಟ್ಟಿಗೆ 10 ರೂಪಾಯಿಯಂತೆ ವರ್ಷಕ್ಕೆ 750 ರೂಪಾಯಿ. ಅದಕ್ಕಾಗಿ ಕೊಳ್ಳುವಾಗ 9,000 ರೂಪಾಯಿ ಹೆಚ್ಚು ಕೊಟ್ಟರೆ ಅದು ಮರಳಿ ಬರಲು 12 ವರ್ಷ ಬೇಕು. ಅಷ್ಟರೊಳಗೆ ಯಂತ್ರವೇ ಗುಜರಿಗೆ ಹೊರಟಿರುತ್ತದೆ. ಫ್ರಿಜ್ಜಿನ ಮಾತೇ ಬೇರೆ. ಅದು ಹಗಲಿರುಳು ವರ್ಷದ 365 ದಿನವೂ ದುಡಿಯುವ ಆಳು. ಅಲ್ಲಿ ಯೂನಿಟ್ಟಿನ ಉಳಿತಾಯ ನಿಜವಾದ ಉಳಿತಾಯವೇ. ಹವಾನಿಯಂತ್ರಕಕ್ಕೆ ಐದು ನಕ್ಷತ್ರ, ಫ್ರಿಜ್ಜಿಗೆ ‘ಎರಡಿದ್ದರೂ ನಡೆದೀತು’ ಎಂಬ ಇಂದಿನ ರೂಢಿ ಪುಣೆಯ ಹವೆಗೆ ತೀರ ತಲೆಕೆಳಗಾದದ್ದು.

ಆರೋಗ್ಯದ ದೃಷ್ಟಿಯಿಂದ ನೋಡಿದರೆ ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಡುವ ಯಂತ್ರ ಗ್ಯಾಸ್ ಗೀಜರು. ಕರೆಂಟಿನ ಬಿಲ್ಲಿಗೆ ಹೆದರಿ, ಬಿಸಿನೀರು ಕ್ಷಣದಲ್ಲಿ ಬರುತ್ತದೆಂದು ಅನೇಕರು ಇದನ್ನು ಹಾಕಿಸಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಚಿಕ್ಕ ಬಾತ್‌ರೂಮಿನೊಳಗೆ ಇದರ ಜ್ವಾಲೆ ಉರಿದಾಗ ಅಲ್ಲಿಯ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಭಾರವಾಯಿತು, ಕಣ್ಣು ಕತ್ತಲಿಟ್ಟಿತು ಎನ್ನುವಷ್ಟರಲ್ಲಿ ಬಾಗಿಲಿನ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಭಾರತದ ವೈದ್ಯರು ಇದಕ್ಕೆ ‘ಗ್ಯಾಸ್ ಗೀಜರ್ ಸಿಂಡ್ರೋಮ್’ ಎಂಬ ಹೆಸರನ್ನೇ ಇಟ್ಟಿದ್ದಾರೆಂದರೆ ಪ್ರಕರಣಗಳು ಎಷ್ಟಾಗಿರಬೇಕೆಂದು ಊಹಿಸಬಹುದು. ಗ್ಯಾಸ್ ಗೀಜರನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಕೂಡಿಸಿ ನೀರಿನ ಕೊಳವೆಯನ್ನಷ್ಟೇ ಒಳಗೆ ತರಲು ಸಾಧ್ಯವಿದ್ದರೆ ಕೊಳ್ಳಬೇಕು. ಇಲ್ಲವಾದರೆ ಎಷ್ಟೇ ಅಗ್ಗವಾದರೂ ಆ ಯೋಚನೆಯನ್ನು ಬಿಡಬೇಕು. ‘ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಒಳಗೇ ಇದೆ, ಏನೂ ಆಗಿಲ್ಲ’ ಎಂಬ ನೆರೆಯವರ ಮಾತು ಇಲ್ಲಿ ಪ್ರಮಾಣವಾಗಲಾರದು.

ಫ್ರಿಜ್ಜನ್ನು ಆರಿಸುವಾಗಲೂ ಮನೆಯವರ ಆರೋಗ್ಯವನ್ನು ನೆನೆಯುವುದು ಒಳ್ಳೆಯದು. ಬೇಯಿಸಿದ ಅಡುಗೆಯನ್ನು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಡಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವ ಹಿರಿಯರಿದ್ದರೆ ಆ ಔಷಧಿಗೆ 2ರಿಂದ 8 ಡಿಗ್ರಿ ಬೇಕು; ಹಿಮ ಕಟ್ಟುವಲ್ಲಿ ಇಟ್ಟರೆ ಕೆಡುತ್ತದೆ, ಪದೇ ಪದೇ ತೆರೆಯುವ ಬಾಗಿಲಿನಲ್ಲಿಯೂ ಇಡಬಾರದು. ಗಾಳಿ ಓಡಾಡಲು ಎಡೆಯಿಲ್ಲದಂತೆ ವಾರದ ಹುಳಿ, ಚಟ್ನಿಪುಡಿ, ಊರಿನಿಂದ ಬಂದ ಕರದಂಟು, ಹೂವಿನ ಪೊಟ್ಟಣಗಳನ್ನು ತುರುಕಿದ ಮೇಲೆ ಎಂಥ ಉತ್ತಮ ಯಂತ್ರವೂ ಈ ಉಷ್ಣಾಂಶವನ್ನು ಕಾಯಲಾರದು. ಮೊಳಕಾಲು ನೋವಿನ ಗೃಹಿಣಿಗೆ ಬಾಗಿ ಬಟ್ಟೆ ತೆಗೆಯುವ ಮುಂಬಾಗಿಲಿನ ಯಂತ್ರ ನಿತ್ಯದ ಶಿಕ್ಷೆಯಾಗಬಹುದು. ಎತ್ತರ ಕಡಿಮೆಯಿದ್ದವರಿಗೆ ಆಳವಾದ ಮೇಲ್ಬಾಗಿಲಿನ ತಳ ಎಟುಕಲಿಕ್ಕಿಲ್ಲ. ಆದ್ದರಿಂದ ಯಂತ್ರವನ್ನು ಉಪಯೋಗಿಸುವವರೇ ಅಂಗಡಿಗೆ ಹೋಗಿ, ಬಾಗಿಲನ್ನು ತೆರೆದು, ಒಳಗೆ ಕೈಹಾಕಿ ನೋಡಬೇಕು. ಹಣ ಕೊಡುವವರೇ ಆಯ್ಕೆ ಮಾಡಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ.

ಮನೆಯ ವಿಚಾರ ಇಷ್ಟು ತೀರ್ಮಾನವಾದ ಮೇಲೆ ಅಂಗಡಿಯ ಪ್ರಶ್ನೆ. ಬುಧವಾರ ಪೇಠೆಯ ತಾಪಕೀರ ಗಲ್ಲಿಯ ಸಗಟು ಸಾಲು, ಬಡಾವಣೆಯ ಹಳೆಯ ಡೀಲರು, ಹವಾನಿಯಂತ್ರಿತ ದೊಡ್ಡ ಮಳಿಗೆ, ಕುಳಿತಲ್ಲೇ ಫೋನಿನ ಮೇಲೆ ಕೊಳ್ಳುವ ವ್ಯವಸ್ಥೆ, ಎಲ್ಲವೂ ಇವೆ. ಬೆಲೆಯ ಅಂತರ ಜನ ತಿಳಿದಷ್ಟು ದೊಡ್ಡದಲ್ಲ. ಫ್ರಿಜ್ಜು, ವಾಷಿಂಗ್ ಮಷೀನುಗಳ ಜಿ.ಎಸ್.ಟಿ. 2018ರ ಜುಲೈಯಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹವಾನಿಯಂತ್ರಕಗಳದ್ದು 2025ರ ಸೆಪ್ಟೆಂಬರ್ 22ರಿಂದ. ಎಲ್ಲ ಅಂಗಡಿಗೂ ತೆರಿಗೆ ಒಂದೇ ಆಗಿರುವಾಗ ಒಬ್ಬನು ಮಾತ್ರ ತೀರ ಕಡಿಮೆಗೆ ಕೊಡುತ್ತಾನೆಂದರೆ, ಹಳೆಯ ಮಾದರಿಯೋ ಪ್ರದರ್ಶನಕ್ಕಿಟ್ಟ ವಸ್ತುವೋ ರಸೀತಿಯಿಲ್ಲದ ವ್ಯವಹಾರವೋ ಎಂದು ಸಂಶಯಪಡಲೇಬೇಕು. ಅಂಗಡಿಗಳ ನಡುವೆ ನಿಜವಾದ ವ್ಯತ್ಯಾಸ ಕಾಣುವುದು ಯಂತ್ರ ಕೆಟ್ಟ ದಿನ. ದುರಸ್ತಿಗೆ ಬರುವವನು ಸಾಮಾನ್ಯವಾಗಿ ಅಂಗಡಿಯವನಲ್ಲ, ಕಂಪನಿಯ ಕೇಂದ್ರದವನು. ಹಾಗಿದ್ದರೂ ವರ್ಷಕ್ಕೆ ನೂರಾರು ಯಂತ್ರ ಮಾರುವ ಬಡಾವಣೆಯ ಡೀಲರಿನ ಒಂದು ಫೋನಿಗೆ ಇರುವ ತೂಕ ಒಬ್ಬಂಟಿ ಗ್ರಾಹಕನ ಹತ್ತು ದೂರುಗಳಿಗೆ ಇರುವುದಿಲ್ಲ. ಪರವೂರಿಗೆ ಬಂದು ನಿಂತವನಿಗೆ ಅಂಥವನೊಬ್ಬನ ಗುರುತು ಸಾವಿರ ರೂಪಾಯಿಗಿಂತ ಹೆಚ್ಚಿನದು. ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿ ನಾಲ್ಕಕ್ಕೆ ತೆರೆಯುವ ಪುಣೆಯ ಹಳೆಯ ಅಂಗಡಿಕಾರರ ಗತ್ತನ್ನು ಎಲ್ಲರೂ ಹಾಸ್ಯ ಮಾಡುತ್ತಾರೆ. ಆದರೆ ಮೂವತ್ತು ವರ್ಷ ಅದೇ ಬಾಗಿಲು ಅದೇ ಜಾಗದಲ್ಲಿ ತೆರೆದಿದೆಯೆಂಬುದೂ ಒಂದು ಖಾತರಿಪತ್ರವೇ.

ಈ ಮಾತಿಗೆ ಅಂಟಿಕೊಂಡು ‘ನಮ್ಮವರು’ ಎಂಬ ಮೋಹವೂ ಬರುತ್ತದೆ. ಮಾರುವವನು ಕನ್ನಡದವನೆಂದು ತಿಳಿದೊಡನೆ ರಸೀತಿ ಕೇಳಲು ಸಂಕೋಚ, ಯಂತ್ರದ ಕ್ರಮಸಂಖ್ಯೆಯನ್ನು ಬರೆಸಿಕೊಳ್ಳಲು ಸಂಕೋಚ, ಕೆಟ್ಟರೆ ದೂರಲು ಇನ್ನೂ ಸಂಕೋಚ. ಕನ್ನಡದಲ್ಲಿ ಮಾತಾಡಿ ಕೊಂಡರೆ ಸಂತೋಷವೇ. ಆದರೆ ದಾಕ್ಷಿಣ್ಯಕ್ಕೆ ಬಸಿರಾಗುವುದು ಯಾವ ಅಭಿಮಾನದ ಲಕ್ಷಣವೂ ಅಲ್ಲ. ಬಿಲ್ಲಿನ ಮೇಲೆ ಮಾದರಿ, ಕ್ರಮಸಂಖ್ಯೆ, ತಾರೀಖು ಇರಲೇಬೇಕೆಂದು ನಗುನಗುತ್ತಲೇ ಕೇಳಬಹುದು.

ಕಂತಿನ ವ್ಯವಹಾರದಲ್ಲಿ ಇನ್ನೊಂದು ಮೋಹವಿದೆ. ‘ಬಡ್ಡಿಯಿಲ್ಲದ ಕಂತು’ ಎಂಬುದನ್ನು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಒಪ್ಪಲಿಲ್ಲ. ಶೂನ್ಯ ಬಡ್ಡಿಯೆಂಬ ಕಲ್ಪನೆಗೇ ಅಸ್ತಿತ್ವವಿಲ್ಲವೆಂದು ಅದು ಬ್ಯಾಂಕುಗಳಿಗೆ ತಿಳಿಸಿತು. ಇಂದು ಅದು ಬೇರೆ ಹೆಸರಿನಿಂದ ನಡೆಯುತ್ತಿದೆ. ರೊಕ್ಕ ಒಮ್ಮೆಲೇ ಕೊಟ್ಟರೆ ಸಿಗಬಹುದಾಗಿದ್ದ ರಿಯಾಯಿತಿ ಕಂತಿನವನಿಗೆ ಸಿಗುವುದಿಲ್ಲ; ಮೇಲೆ ಕಾಗದಪತ್ರದ ಶುಲ್ಕ ಬೇರೆ. ‘ಕಂತಿಲ್ಲದೆ ಈಗಲೇ ಕೊಟ್ಟರೆ ಎಷ್ಟು?’ ಎಂಬ ಒಂದು ಪ್ರಶ್ನೆಯಿಂದ ಬಡ್ಡಿ ಎಷ್ಟೆಂಬುದು ಹೊರಬೀಳುತ್ತದೆ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳಲ್ಲಿ ಊರ ತುಂಬ ತಿರುಗುವ ತರುಣ ದಂಪತಿಗಳು ಈ ಕಂತುಗಳ ಮೇಲೆ ಗೋಡೆಗೆ ಕೂಡಿಸುವ ಹವಾನಿಯಂತ್ರಕವನ್ನು ಕೊಳ್ಳುವುದು, ಇನ್ನೂ ಕೆಲವರು ಕಟ್ಟುತ್ತಿರುವ ಫ್ಲ್ಯಾಟಿನ ಕೀಲಿಕೈ ಸಿಗುವ ಮೊದಲೇ ಡಿಶ್‌ವಾಶರಿಗೆ ಮುಂಗಡ ಕೊಡುವುದು, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಕೊಂಡ ಯಂತ್ರದ ಖಾತರಿ ಅವಧಿ ಗೋದಾಮಿನಲ್ಲಿಯೇ ಅರ್ಧ ಕರಗಿರುತ್ತದೆ.

ಮೋಸವಾದರೆ ದಾರಿಯಿಲ್ಲವೆಂದಲ್ಲ. ಗ್ರಾಹಕರ ಹಕ್ಕಿನ ಮಾತನ್ನು ದೇಶಕ್ಕೆ ಕೇಳಿಸಿದ ಊರುಗಳಲ್ಲಿ ಪುಣೆಯೂ ಒಂದು. ಬಿಂದುಮಾಧವ ಜೋಶಿಯವರು 1974ರಲ್ಲಿ ಗ್ರಾಹಕ ಪಂಚಾಯತವನ್ನು ಸ್ಥಾಪಿಸಿದ್ದು ಇಲ್ಲಿಯೇ. ಗ್ರಾಹಕ ಸಂರಕ್ಷಣಾ ಕಾಯಿದೆ ಬಂದದ್ದು ಹನ್ನೆರಡು ವರ್ಷಗಳ ನಂತರ, 1986ರ ಡಿಸೆಂಬರಿನಲ್ಲಿ. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಗ್ರಾಹಕನು ವಸ್ತುವನ್ನು ಎಲ್ಲಿಯೇ ಕೊಂಡಿರಲಿ, ತಾನು ವಾಸಿಸುವ ಜಿಲ್ಲೆಯಲ್ಲಿ ಎರಡು ವರ್ಷಗಳೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿಗಳವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕನ್ನಡದಲ್ಲಿಯೂ ದೂರು ಹೇಳಬಹುದು. ಇಷ್ಟಕ್ಕೆಲ್ಲ ಕೈಯಲ್ಲಿ ಬಿಲ್ಲಿರಬೇಕು.

ಇಷ್ಟೂ ಪುಣೆಯಲ್ಲಿ ಕೊಂಡು ಪುಣೆಯಲ್ಲಿ ಬಳಸುವ ಯಂತ್ರಗಳ ಮಾತಾಯಿತು. ಪುಣೆಯ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಬಗೆಯ ಕೊಳ್ಳುವಿಕೆ ನಡೆಯುತ್ತದೆ. ಅದು ಊರಿನಲ್ಲಿರುವ ತಂದೆತಾಯಿಗಳಿಗಾಗಿ ಕೊಳ್ಳುವುದು. ಹತ್ತಿರವಿದ್ದು ನೋಡಿಕೊಳ್ಳಲಾಗದ ಮಗ ಅಥವಾ ಮಗಳು ಹಬ್ಬದ ರಿಯಾಯಿತಿಯಲ್ಲಿ ಎಲ್ಲಕ್ಕಿಂತ ದೊಡ್ಡ ಯಂತ್ರವನ್ನು ಆರಿಸಿ, ಹಣ ತುಂಬಿ, ಊರಿನ ವಿಳಾಸ ಬರೆದು ಕಳಿಸುತ್ತಾರೆ. ಅದರ ಹಿಂದಿರುವ ಪ್ರೀತಿಯನ್ನು ಯಾರೂ ಸಂಶಯಿಸಲಾರರು. ಆದರೂ ಇದರಷ್ಟು ತಪ್ಪುವ ವ್ಯಾಪಾರ ಬೇರೊಂದಿಲ್ಲ. ನೀರು ಬೇರೆ, ಕರೆಂಟು ಬೇರೆ, ಬಳಸುವ ಕೈ ಬೇರೆ. ಕೆಟ್ಟರೆ ಬರಬೇಕಾದವನು ಐವತ್ತು ಮೈಲಿ ದೂರದ ಹುಬ್ಬಳ್ಳಿಯಿಂದಲೋ ಸೊಲ್ಲಾಪುರದಿಂದಲೋ ಬರಬೇಕು. ತಂದೆತಾಯಿಗಳಿಗೆ ಬೇಕಾದ ಯಂತ್ರವನ್ನು ಅವರ ಊರಿನ ಅಂಗಡಿಯಲ್ಲಿ, ಅವರೇ ಹೋಗಿ, ಅವರೇ ನೋಡಿ ಕೊಳ್ಳಬೇಕು. ಎರಡು ಸಾವಿರ ಹೆಚ್ಚಾದರೂ ಆಗಲಿ. ಮಕ್ಕಳು ಕಳಿಸಬೇಕಾದದ್ದು ಹಣ, ಆಯ್ಕೆಯನ್ನಲ್ಲ.

ಕೋಥರೂಡದ ಒಂದು ಮನೆಯಲ್ಲಿ ನಡೆದ ಸಂಗತಿ ಇದಕ್ಕೆ ಸಾಕ್ಷಿ. ಗದಗಿನ ಕಡೆಯ ಈ ಗೃಹಸ್ಥರು ತಾಯಿಯ ಸೊಂಟನೋವಿನ ಸುದ್ದಿ ಕೇಳಿ ಮುಂಬಾಗಿಲಿನ ವಾಷಿಂಗ್ ಮಷೀನೊಂದನ್ನು ಊರಿಗೆ ಕಳಿಸಿದರು. ನಲ್ಲಿ ನೀರು ದಿನವೂ ಬಾರದ, ಬಂದ ದಿನ ಹೌದು-ಕೊಡಗಳಲ್ಲಿ ಹಿಡಿದಿಡುವ ಊರು ಅದು. ವಾರ ಕಳೆದು ಫೋನು ಮಾಡಿದಾಗ ನಡೆದ ಮಾತು ಹೀಗಿತ್ತು:

“ಅವ್ವಾ, ಮಷೀನ್ ಹೆಂಗೈತಿ?”

“ಭಾಳ ಛಲೋ ಐತೆಪಾ. ಮ್ಯಾಲೆ ಕಸೂತಿ ಅರಿವಿ ಹಾಕೇನಿ.”

“ಅರಿವಿ ಹಾಕಬ್ಯಾಡ, ಅರಿವಿ ಒಗಿ. ಕಂಪನ್ಯಾವ್ರು ಬಂದು ತೋರಿಸಿ ಹೋಗಲಿಲ್ಲೇನು?”

“ಬಂದಿದ್ರು. ಹಿಂದ್ಯಾಗ ಮಾತಾಡಿ ಹೋದ್ರು. ಅಲ್ಲೋ ತಮ್ಮಾ, ನನಗ ಅಷ್ಟು ಗುಂಡಿ ಯಾಕ ಬೇಕು?”

ಹೌದಿನ ನೀರು ಯಂತ್ರಕ್ಕೆ ತಾನಾಗಿ ಹರಿಯದು. ಮೇಲೆ ಟಾಕಿ ಕೂಡಿಸಿ ಪಂಪು ಹಚ್ಚಲು ಯಂತ್ರದ ಅರ್ಧ ಬೆಲೆ ಬೇಕು. ತಾಯಿ ಎಂದಿನಂತೆ ಕಲ್ಲಿನ ಮೇಲೆಯೇ ಒಗೆಯುತ್ತಿದ್ದರು. ಖಂಡೇನವಮಿಯಂದು ಉಳಿದ ಸಾಮಾನುಗಳ ಜೊತೆಗೆ ಅದಕ್ಕೂ ಕುಂಕುಮ ಹಚ್ಚಿ ಹೂ ಏರಿಸಿದರು. ಹಬ್ಬಕ್ಕೆ ಹೋದ ಮಗ ಅದನ್ನು ಕಣ್ಣಾರೆ ಕಂಡರು.

ಆ ಸಲ ಅವರು ಏನನ್ನೂ ಆರಿಸಲಿಲ್ಲ. ತಂದೆತಾಯಿಗಳಿಬ್ಬರೂ ರಿಕ್ಷಾದಲ್ಲಿ ಪೇಟೆಗೆ ಹೋಗಿ, ಗುರುತಿನ ಅಂಗಡಿಯಲ್ಲಿ ಅರ್ಧ ತಾಸು ಕುಳಿತು, ಚಹಾ ಕುಡಿದು, ಬಕೆಟ್ಟಿನಿಂದ ನೀರು ಹೊಯ್ಯುವ ಎರಡು ತೊಟ್ಟಿಯ ಯಂತ್ರವನ್ನು ಗೊತ್ತು ಮಾಡಿ ಬಂದರು. ನೀರು ಹೊಯ್ದುಕೊಡುವುದು ತಂದೆಯ ಪಾಲಿನ ಕೆಲಸವಾಯಿತು. ಅದರಿಂದ ಅವರ ತೋಳಿಗೆ ವ್ಯಾಯಾಮವಾಗುತ್ತಿದೆಯೆಂದು ತಾಯಿ ಹೇಳುತ್ತಾರೆ. ಬೆಲೆ ಮೊದಲಿನದರ ಅರ್ಧಕ್ಕಿಂತ ಕಡಿಮೆ. ಮುಂದಿನ ಶ್ರಾವಣದಲ್ಲಿ ಅದರ ಪಟ್ಟಿ ಹರಿದಾಗ ಅಂಗಡಿಯ ಹುಡುಗ ಮರುದಿನವೇ ಸೈಕಲ್ ಮೇಲೆ ಬಂದು ಹಾಕಿಕೊಟ್ಟು ಹೋದ. ಮುಂಬಾಗಿಲಿನ ಯಂತ್ರ ಟೆಂಪೋ ಏರಿ ಪುಣೆಗೆ ಬಂದು ಈಗ ಕೋಥರೂಡದ ಬಾಲ್ಕನಿಯಲ್ಲಿ ದುಡಿಯುತ್ತಿದೆ. ಟೆಂಪೋದ ಬಾಡಿಗೆ ಎಷ್ಟಾಯಿತೆಂಬುದನ್ನು ಗೃಹಸ್ಥರು ಇದುವರೆಗೆ ಮನೆಯಲ್ಲಿ ಹೇಳಿಲ್ಲ.